ಹಾರುವ ಮನೆಯಲ್ಲಿ ಅಜ್ಜನಿಗೊಂದು ಪೀಠ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮುಖ್ಯೋಪಾಧ್ಯಾಯನಾದವನು ವಾರ್ಷಿಕೋತ್ಸವದ ವೇದಿಕೆಯನ್ನೇರಿದರೆ ಪರೀಕ್ಷೆಯ ಫಲಿತಾಂಶ, ಶಿಸ್ತು, ಕಟ್ಟಡ ನಿಧಿ, ಈ ಮೂರನ್ನು ಬಿಟ್ಟು ಬೇರೇನನ್ನೂ ಆಡಲಾರನೆಂದು ತಾವು ಭಾವಿಸಿದ್ದರೆ ಅದು ಸಹಜವೇ. ಆ ಮೂರೂ ವಾರ್ಷಿಕ ವರದಿಯಲ್ಲಿ ಬಂದುಹೋಗಿವೆ. ಆದಕಾರಣ ಇಂದು ಒಂದು ಆಟದ ವಿಷಯವಾಗಿ ಮಾತನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ.

ಈ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಪ್ರಬಂಧದ ವಿಷಯವನ್ನು ಕೊಟ್ಟಿದ್ದೆ. ಮೆಚ್ಚಿನ ಅನಿಮೇಷನ್ ಚಿತ್ರವೊಂದನ್ನು ಆಧರಿಸಿ ಥೀಮ್ ಪಾರ್ಕಿಗೆ ಹೊಸದೊಂದು ಸವಾರಿಯನ್ನು ಕಲ್ಪಿಸಿರಿ ಎಂಬುದೇ ಆ ವಿಷಯ. ಪೋಷಕರೊಬ್ಬರು ಬಂದು, “ಮಾಸ್ತರರೇ, ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ದೊರೆಯುತ್ತದೆ?” ಎಂದು ವಿನಯದಿಂದಲೇ ಕೇಳಿದರು. ಒಂದೂ ದೊರೆಯುವುದಿಲ್ಲವೆಂದು ಸತ್ಯವನ್ನೇ ಹೇಳಿದೆನು. ಆದರೆ ಅವರು ಹೋದ ಮೇಲೆ, ಮಕ್ಕಳಿಗೆ ಕೊಟ್ಟ ಕೆಲಸವನ್ನು ತಾನೂ ಮಾಡಿ ತೋರಿಸುವುದು ಉಪಾಧ್ಯಾಯನಿಗೆ ಮರ್ಯಾದೆಯಲ್ಲವೇ ಎಂದೆನಿಸಿತು. ನಾನು ಬರೆದ ಆ ಪ್ರಬಂಧವೇ ಈ ಭಾಷಣ.

ಮಕ್ಕಳ ಪ್ರಬಂಧಗಳನ್ನೋದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೆಚ್ಚಿನವರು ಚಿತ್ರದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿ, ಕೊನೆಗೆ “ಇದನ್ನೆಲ್ಲ ಬಂಡಿಯಲ್ಲಿ ಕುಳಿತು ನೋಡಬಹುದು” ಎಂದು ಮುಗಿಸಿದ್ದರು. ಈ ತೊಡಕು ಮಕ್ಕಳಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ವಾಲ್ಟ್ ಡಿಸ್ನಿಯವರು 1955ರ ಜುಲೈ 17ರಂದು ಡಿಸ್ನಿಲ್ಯಾಂಡನ್ನು ತೆರೆದಾಗ, 1937ರ ‘ಸ್ನೋ ವೈಟ್’ ಮತ್ತು 1953ರ ‘ಪೀಟರ್ ಪ್ಯಾನ್’ ಚಿತ್ರಗಳನ್ನಾಧರಿಸಿದ ಸವಾರಿಗಳು ಅಲ್ಲಿದ್ದುವು. ಪೀಟರ್ ಪ್ಯಾನನ ಸವಾರಿಯಲ್ಲಿ ಪುಟ್ಟ ಹಡಗು ಮೇಲಿನ ಹಳಿಯಿಂದ ತೂಗಾಡುತ್ತ ರಾತ್ರಿಯ ಲಂಡನ್ ನಗರದ ಮೇಲೆ ಹಾರುವುದು. ಬಂಡಿಯಲ್ಲಿ ಕುಳಿತವನೇ ಕಥಾನಾಯಕನಾಗಬೇಕೆಂಬುದು ನಿರ್ಮಾಪಕರ ಎಣಿಕೆ. ಅದಕ್ಕಾಗಿಯೇ ಅವರು ನಾಯಕನ ಬೊಂಬೆಯನ್ನು ಎಲ್ಲಿಯೂ ಇಡಲಿಲ್ಲ. ಜನರಾದರೋ ಹೊರಗೆ ಬಂದು “ಪೀಟರ್ ಪ್ಯಾನ್ ಎಲ್ಲಿ? ಸ್ನೋ ವೈಟ್ ಎಲ್ಲಿ?” ಎಂದು ಕೇಳತೊಡಗಿದರು! ಕೊನೆಗೆ 1983ರಲ್ಲಿ ಸವಾರಿಗಳನ್ನು ಹೊಸದಾಗಿ ಕಟ್ಟಿದಾಗ ನಾಯಕ ನಾಯಕಿಯರ ಬೊಂಬೆಗಳನ್ನೂ ಸೇರಿಸಬೇಕಾಯಿತು. ನನ್ನ ಮಟ್ಟಿಗೆ ಮೊದಲಿನ ಎಣಿಕೆಯೇ ಹೆಚ್ಚು ಸೊಗಸಾದುದು. ಆದರೆ ನೀನೇ ನಾಯಕನೆಂದು ಮನಸ್ಸಿನಲ್ಲಿ ಭಾವಿಸಿದರೆ ಸಾಲದು. ಅವನ ಕೈಗೊಂದು ಕೆಲಸವನ್ನೂ ಕೊಡಬೇಕು. ಈ ಮಾತನ್ನು ನೆನಪಿನಲ್ಲಿಡಿರಿ.

ನಾನು ಆಯ್ದುಕೊಂಡದ್ದು ಪಿಕ್ಸಾರ್ ಸಂಸ್ಥೆಯವರ ‘ಅಪ್’ ಎಂಬ ಚಿತ್ರ. ಪೀಟ್ ಡಾಕ್ಟರ್ ನಿರ್ದೇಶಿಸಿದ ಈ ಚಿತ್ರ 2009ರಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದ ಆರಂಭದ ಚಿತ್ರವಾಗಿ ಪ್ರದರ್ಶಿತವಾಯಿತು. ಅನಿಮೇಷನ್ ಚಿತ್ರವೊಂದಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಕಾರ್ಲ್ ಎಂಬವನು ಎಪ್ಪತ್ತೆಂಟು ವರ್ಷದ ಮುದುಕ. ಒಂದು ಕಾಲಕ್ಕೆ ಮೃಗಾಲಯದಲ್ಲಿ ಬಲೂನು, ಅಂದರೆ ನಮ್ಮೂರ ಮಕ್ಕಳ ಪುಗ್ಗೆ, ಮಾರುತ್ತಿದ್ದವನು. ಅವನೂ ಹೆಂಡತಿ ಎಲ್ಲಿಯೂ ದಕ್ಷಿಣ ಅಮೆರಿಕದ ಒಂದು ಜಲಪಾತವನ್ನು ನೋಡಬೇಕೆಂದು ಗಾಜಿನ ಜಾಡಿಯಲ್ಲಿ ಕಾಸು ಕೂಡಿಡುತ್ತಾರೆ. ಗಾಡಿಯ ಚಕ್ರ ಕೆಡುತ್ತದೆ, ಕಾಲು ಮುರಿಯುತ್ತದೆ, ಮನೆಯ ಮಾಡಿನ ಮೇಲೆ ಮರ ಬೀಳುತ್ತದೆ. ಪ್ರತಿಸಲವೂ ಆ ಜಾಡಿಯನ್ನೇ ಒಡೆಯಬೇಕಾಗುತ್ತದೆ. ಸಂಸಾರ ನಡೆಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲ್ಲಿ ತೀರಿಕೊಂಡ ಮೇಲೆ ಒಂಟಿಯಾದ ಕಾರ್ಲನನ್ನು ವೃದ್ಧಾಶ್ರಮಕ್ಕೆ ಸಾಗಿಸಲು ಏರ್ಪಾಡಾಗುತ್ತದೆ. ಆ ಬೆಳಿಗ್ಗೆ ಅವನು ಸಾವಿರಾರು ಬಲೂನುಗಳನ್ನು ಕಟ್ಟಿ ಮನೆಯನ್ನೇ ಹಾರಿಸಿಕೊಂಡು ಹೋಗುತ್ತಾನೆ. ಅವನಿಗೆ ತಿಳಿಯದಂತೆ ಜಗಲಿಯಲ್ಲಿ ಎಂಟು ವರ್ಷದ ರಸೆಲ್ ಎಂಬ ಹುಡುಗನೊಬ್ಬ ಉಳಿದುಬಿಟ್ಟಿರುತ್ತಾನೆ. ನಮ್ಮ ಸ್ಕೌಟ್ ಬಾಲಕರಂತಹ ಒಂದು ದಳಕ್ಕೆ ಸೇರಿದವನು ಅವನು; ಹಿರಿಯರಿಗೆ ನೆರವಾದುದಕ್ಕೆ ಕೊಡುವ ಪದಕವೊಂದು ಮಾತ್ರ ಅವನಿಗೆ ಇನ್ನೂ ದೊರೆತಿರಲಿಲ್ಲ.

ಇಲ್ಲಿ ಗಣಿತದ ಉಪಾಧ್ಯಾಯರು ಸುಮ್ಮನಿರಲಾರರು. ಒಂದು ಲೀಟರ್ ಹೀಲಿಯಂ ಅನಿಲವು ಹೆಚ್ಚುಕಡಮೆ ಒಂದು ಗ್ರಾಮ್ ಭಾರವನ್ನೆತ್ತಬಲ್ಲದು. ಮೂವತ್ತು ಸೆಂಟಿಮೀಟರ್ ವ್ಯಾಸದ ಬಲೂನಿನಲ್ಲಿ ಸುಮಾರು 14 ಲೀಟರ್ ಹಿಡಿಸುವುದು. ರಬ್ಬರಿನ ತೂಕವನ್ನು ಕಳೆದರೆ ಹತ್ತು ಗ್ರಾಮ್ ಎತ್ತುವ ಶಕ್ತಿ ಉಳಿಯಿತೆನ್ನೋಣ. ಇಪ್ಪತ್ತೈದು ಕಿಲೋ ತೂಕದ ಬಾಲಕನೊಬ್ಬನನ್ನೆತ್ತಲು 2,500 ಬಲೂನುಗಳು ಬೇಕು. ಮನೆಯ ತೂಕ 20 ಟನ್ ಎಂದಿಟ್ಟುಕೊಂಡರೆ ಇಪ್ಪತ್ತು ಲಕ್ಷ! ಮನೆ ನೆಲವನ್ನು ಬಿಟ್ಟೇಳುವ ದೃಶ್ಯಕ್ಕೆ ಚಿತ್ರಕಾರರು ರಚಿಸಿದ್ದು 20,622 ಬಲೂನುಗಳನ್ನು. ಅವು ಎತ್ತಬಲ್ಲ ಭಾರ ನಮ್ಮ ಲೆಕ್ಕದಲ್ಲಿ ಇನ್ನೂರು ಕಿಲೋವಿಗಿಂತ ತುಸು ಹೆಚ್ಚು, ಎಂದರೆ ಮೂವರು ದೊಡ್ಡವರ ತೂಕ. ಹಾಗೆಂದು ನಗಬೇಡಿರಿ. 2011ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯವರು ಹದಿನಾರು ಅಡಿ ಉದ್ದಗಲದ ಹಗುರವಾದ ಮನೆಯೊಂದನ್ನು ಕಟ್ಟಿ, ಹವಾಮಾನ ವೀಕ್ಷಣೆಗೆ ಬಳಸುವ ದೊಡ್ಡ ಬಲೂನುಗಳನ್ನು ಮುನ್ನೂರರಷ್ಟು ಜೋಡಿಸಿ, ಹತ್ತು ಸಾವಿರ ಅಡಿಗೂ ಮೇಲೆ ಹಾರಿಸಿಯೇಬಿಟ್ಟರು.

ಇನ್ನು ಸವಾರಿಯ ಮಾತು. ಥೀಮ್ ಪಾರ್ಕಿಗೆ ಹೋದವರೆಲ್ಲ ಕಂಡಿರುವ ನೋಟವೊಂದಿದೆ. ಮಕ್ಕಳು ಸಾಲಿನಲ್ಲಿ ನಿಂತು ಒಳಗೆ ಹೋಗುವರು. ಅಜ್ಜ ಅಜ್ಜಿಯರು ಹೊರಗಿನ ಕಲ್ಲುಬೆಂಚಿನ ಮೇಲೆ ಎಲ್ಲರ ಚೀಲಗಳನ್ನೂ ಚಪ್ಪಲಿಗಳನ್ನೂ ಕಾಯುತ್ತ ಕುಳಿತಿರುವರು. ರಕ್ತದೊತ್ತಡವುಳ್ಳವರು, ಬೆನ್ನುನೋವಿನವರು ಏರಕೂಡದೆಂದು ಫಲಕವೇ ಇರುತ್ತದೆ. ರಭಸದಿಂದ ಬೀಳುವ ಬಂಡಿಗಳಿಗೆ ಆ ನಿಯಮ ಅವಶ್ಯಕವೇ; ಅದನ್ನು ನಾನು ದೂರುವುದಿಲ್ಲ. ಆದರೆ ಎಪ್ಪತ್ತೆಂಟು ವರ್ಷದ ಮುದುಕನೇ ನಾಯಕನಾಗಿರುವ ಕಥೆಯ ಸವಾರಿಯಲ್ಲಿ ಎಪ್ಪತ್ತೆಂಟು ವರ್ಷದವರಿಗೆ ಪ್ರವೇಶವಿಲ್ಲವೆಂದರೆ ಅದಕ್ಕಿಂತ ವಿಪರೀತವಾದುದು ಯಾವುದು? ಅಜ್ಜನೂ ಮೊಮ್ಮಗುವೂ ಅಕ್ಕಪಕ್ಕದಲ್ಲಿ ಕುಳಿತೇ ಹೋಗುವ ಸವಾರಿ ಇದಾಗಬೇಕು. ನನ್ನ ಯೋಜನೆಯ ಮೊದಲನೆಯ ಕಟ್ಟಳೆ ಇದು. ಉಳಿದುದೆಲ್ಲ ಇದರಿಂದಲೇ ಹುಟ್ಟಿದೆ.

ಬಂಡಿಯು ಎಂಟು ಪೀಠಗಳುಳ್ಳ ಒಂದು ಕೋಣೆ. ಅದರ ನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಮಟ್ಟದಲ್ಲಿರಬೇಕು. ಗಾಲಿಕುರ್ಚಿಯಲ್ಲಿ ಬಂದವರು ಹಾಗೆಯೇ ಒಳಗೆ ಸೇರಬೇಕು. ಪೀಟರ್ ಪ್ಯಾನನ ಹಡಗಿನಂತೆ ಇದೂ ಮೇಲಿನ ಹಳಿಯಿಂದ ತೂಗುವುದು. ಹಳಿಯನ್ನು ಮರೆಮಾಡುವಂತೆ ಬಣ್ಣಬಣ್ಣದ ಬಲೂನುಗಳ ಗೊಂಚಲಿರುವುದು. ಅವು ಗಟ್ಟಿಯಾದ ಕೃತಕ ಬಲೂನುಗಳು. ನಿಜವಾದವುಗಳಿಂದ ಗಾಳಿ ಸೋರುವುದು; ಒಡೆದ ಚೂರುಗಳು ಹಸುಗಳ ಹೊಟ್ಟೆ ಸೇರುವುವು; ಹೀಲಿಯಂ ಅಂತೂ ನೆಲದಡಿಯಿಂದ ತೆಗೆದ ಮೇಲೆ ಮತ್ತೆ ತುಂಬಿಕೊಳ್ಳುವ ವಸ್ತುವಲ್ಲ.

ಚಿತ್ರದ ದುಃಖದ ಭಾಗವನ್ನೇನು ಮಾಡುವುದು? ಅದನ್ನು ಸರತಿಯ ಸಾಲಿಗೆ ಕೊಟ್ಟಿದ್ದೇನೆ. ಸಾಲು ಕಾರ್ಲ್ ಮತ್ತು ಎಲ್ಲಿಯರ ಮನೆಯೊಳಗಿಂದಲೇ ಸಾಗುವುದು. ಎರಡು ಕುರ್ಚಿಗಳು, ಕಾಸಿನ ಜಾಡಿ, ಗೋಡೆಯ ಮೇಲಿನ ಜಲಪಾತದ ಚಿತ್ರ ಕ್ರಮವಾಗಿ ಕಾಣುವುವು. ಯಾರೂ ಮಾತಾಡುವುದಿಲ್ಲ, ಚಿತ್ರದಲ್ಲಿಯೂ ಆ ಭಾಗಕ್ಕೆ ಮಾತಿಲ್ಲ, ಸಂಗೀತ ಮಾತ್ರ. ಕಾಯುವ ಬೇಸರವೂ ಕಳೆಯುವುದು. ಸಾಲಿನುದ್ದಕ್ಕೂ ಕುಳಿತುಕೊಳ್ಳಲು ಬೆಂಚುಗಳಿರತಕ್ಕದ್ದು.

ಈಗ, ಕೈಗೆ ಕೆಲಸ ಕೊಡಬೇಕೆಂದೆನಲ್ಲವೇ? ಚಿತ್ರದ ಕೊನೆಯ ಭಾಗದಲ್ಲಿ ರಸೆಲನು ಅಪಾಯದಲ್ಲಿರುವಾಗ ಮನೆ ಮೇಲೇಳುವುದಿಲ್ಲ, ಬಲೂನುಗಳು ಕಡಿಮೆಯಾಗಿರುತ್ತವೆ. ಆಗ ಕಾರ್ಲನು ಅಷ್ಟು ವರ್ಷ ಜೋಪಾನಮಾಡಿದ ಮೇಜು, ಕುರ್ಚಿ, ಸಾಮಾನುಗಳನ್ನೆಲ್ಲ ತಾನೇ ಹೊರಗೆ ನೂಕುತ್ತಾನೆ. ಮನೆ ಹಗುರವಾಗಿ ಏಳುತ್ತದೆ. ಇಡೀ ಚಿತ್ರದಲ್ಲಿ ಸವಾರಿಗೆ ತಕ್ಕ ಗಳಿಗೆ ಇದೊಂದೇ ಎಂಬುದು ನನ್ನ ಅಭಿಪ್ರಾಯ. ಆದಕಾರಣ ನನ್ನ ಬಂಡಿಯು ಸ್ವಲ್ಪ ದೂರ ಸಾಗಿ, ಬಂಡೆಗಳ ನಡುವೆ ಮಂಜಿನಲ್ಲಿ ತಟಸ್ಥವಾಗಿ ನಿಂತುಬಿಡುವುದು. ಪ್ರತಿಯೊಂದು ಪೀಠದ ಎದುರಿಗೂ ಒಂದು ಸಾಮಾನು ಇದೆ: ಗಡಿಯಾರ, ದೀಪ, ಮಡಕೆ, ಪೆಟ್ಟಿಗೆ. ಅದರ ಕೆಳಗಿನ ಹಿಡಿಯನ್ನೆಳೆದರೆ ಸಾಮಾನು ಜಾರಿ ಕಿಟಕಿಯಿಂದಾಚೆಗೆ ಮಾಯವಾಗುವುದು. ಒಬ್ಬರು ಎಳೆದರೆ ಬಂಡಿ ಒಂದು ಗೇಣು ಏರುವುದು. ಎಂಟೂ ಹೋದಮೇಲೆ ಮಂಜನ್ನು ಸೀಳಿ ಬೆಳಕಿಗೆ ಬರುವುದು. ಕೈಯಲ್ಲಿ ಶಕ್ತಿಯಿಲ್ಲದವರ ಹಿಡಿಯನ್ನು ಪಕ್ಕದ ಮಗು ಎಳೆಯಬಹುದು. ಮುಂದೆ ಕಾಣುವುದು ಜಲಪಾತ. ವೆನೆಜುವೆಲಾದಲ್ಲಿ 979 ಮೀಟರ್ ಎತ್ತರದಿಂದ ಇಳಿಯುವ ಏಂಜೆಲ್ ಜಲಪಾತವೂ ತಲೆ ಚಪ್ಪಟೆಯಾದ ಅಲ್ಲಿನ ಬೆಟ್ಟಗಳೂ ಚಿತ್ರಕ್ಕೆ ಸ್ಫೂರ್ತಿ. ಚಿತ್ರಕಾರರು ಆ ಬೆಟ್ಟಗಳನ್ನು ಹತ್ತಿ ನೋಡಿ ಬಂದವರು. ನಮ್ಮ ಸವಾರಿಯಲ್ಲಿ ಮುಖಕ್ಕೆ ತಂಪಾದ ನೀರಹನಿಗಳು ತಾಗಿದರೆ ಸಾಕು, ಬೀಳುವುದು ಬೇಡ.

ಇದನ್ನೋದಿದ ಹುಡುಗಿಯೊಬ್ಬಳು, “ಖಳನಾಯಕನೇ ಇಲ್ಲವಲ್ಲ ಸರ್, ಹೆದರಿಕೆಯಿಲ್ಲದಿದ್ದರೆ ರುಚಿಯೇನು?” ಎಂದಳು. ಒಳ್ಳೆಯ ಪ್ರಶ್ನೆ. ಮಂಜಿನಲ್ಲಿ ನಿಂತ ಬಂಡಿ ಏಳುವುದೋ ಇಲ್ಲವೋ ಎಂಬ ಅಷ್ಟು ಹೆದರಿಕೆ ನನಗೆ ಸಾಕೆನಿಸಿತು, ಅವಳಿಗೆ ಸಾಲದು. ದೂರದಿಂದ ನಾಯಿಗಳು ಬೊಗಳುವ ಸದ್ದನ್ನು ಸೇರಿಸಲು ಒಪ್ಪಿಕೊಂಡೆ.

ನಿಜವಾದ ತೊಡಕು ಬೇರೆಯೇ ಇದೆ. ಅರ್ಧ ನಿಮಿಷಕ್ಕೊಂದು ಬಂಡಿ ಹೊರಟರೆ ಗಂಟೆಗೆ 120 ಬಂಡಿ, 960 ಜನ. ವೃದ್ಧರು ನಿಧಾನವಾಗಿ ಬಂದು ಕುಳಿತುಕೊಳ್ಳಲು ಒಂದು ನಿಮಿಷ ಬೇಕಾದರೆ 480 ಜನ. ಅರ್ಧ ಆದಾಯವನ್ನು ಬಿಟ್ಟುಕೊಡಲು ಪಾರ್ಕಿನ ಮಾಲೀಕನು ಒಪ್ಪುವನೇ? ಎರಡು ನಿಲ್ದಾಣಗಳನ್ನು ಕಟ್ಟಿ, ಒಂದರಲ್ಲಿ ಜನ ಕುಳಿತುಕೊಳ್ಳುವಾಗ ಇನ್ನೊಂದರಿಂದ ಬಂಡಿ ಹೊರಡುವಂತೆ ಮಾಡಿದರೆ ಲೆಕ್ಕ ಸರಿಹೋಗುವುದು. ಆದರೆ ಒಂದು ನಿಮಿಷ ಸಾಕೋ, ಎರಡು ಬೇಕೋ? ಅದು ಪುಸ್ತಕದಲ್ಲಿ ಸಿಗುವುದಿಲ್ಲ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರ ಅನುಮತಿಯನ್ನು ಪಡೆದು, ಅವರು ಜಗಲಿಯ ಕಂಬದಿಂದ ಹತ್ತು ಹೆಜ್ಜೆ ನಡೆದು ಕುರ್ಚಿಯಲ್ಲಿ ಕುಳಿತು, ಊರುಗೋಲನ್ನು ಪಕ್ಕಕ್ಕಿಡಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದು ತನ್ನಿರಿ. ಅವಸರಪಡಿಸಬೇಡಿರಿ. ಅಂಕಿಗಳೆಲ್ಲ ಬಂದಮೇಲೆ ಸರಾಸರಿಯನ್ನು ತೆಗೆದು, ವಿಜ್ಞಾನದ ಕೊಠಡಿಯಲ್ಲಿಟ್ಟಿರುವ ರಟ್ಟಿನ ಮಾದರಿಯಲ್ಲಿ ನಿಲ್ದಾಣದ ಉದ್ದವನ್ನು ತಿದ್ದೋಣ.