ಎಂಜಿನ್ ಇಲ್ಲದ ವಿಮಾನ, ಏರುವ ಮುನ್ನದ ತಪಾಸಣೆ



ಬೇಸಿಗೆಯ ಮಧ್ಯಾಹ್ನ ಪೆನುಕೊಂಡೆಯ ಕಡೆಯ ಬೆಟ್ಟಗಳ ಮೇಲೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ಸೋಮಂದೇಪಲ್ಲಿಯ ಮಕ್ಕಳು ಕಂಡಿರಬೇಕು. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಅದನ್ನು ಎತ್ತುತ್ತದೆ. ಗ್ಲೈಡರ್ ಎತ್ತರವನ್ನು ಗಳಿಸುವುದೂ ಹೀಗೆಯೇ. ಅದಕ್ಕೆ ಎಂಜಿನ್ ಇಲ್ಲ. ನೆಲದ ಮೇಲಿನ ವಿಂಚ್ ಯಂತ್ರವೋ ಇನ್ನೊಂದು ವಿಮಾನವೋ ಹಗ್ಗ ಕಟ್ಟಿ ಎಳೆದು ಅದನ್ನು ಮೊದಲು ಮೇಲಕ್ಕೆ ಒಯ್ಯಬೇಕು.

ಈ ವಿದ್ಯೆ ನಮಗೆ ದೂರದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲೇ ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರು ಸೈನಿಕರನ್ನು ಒಯ್ಯುವ ಗ್ಲೈಡರ್ ಒಂದನ್ನು ರೂಪಿಸಿದ್ದರು. ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳು ಗ್ಲೈಡರಿನಲ್ಲಿ ತರಬೇತಿ ಪಡೆದದ್ದೂ ಉಂಟು. ಮುಂದೆ ನಿಮ್ಮ ಮಕ್ಕಳಲ್ಲಿ ಯಾರಾದರೂ ಆ ಆಸನದಲ್ಲಿ ಕುಳಿತಾರು. ಆದ್ದರಿಂದಲೇ ಈ ಮಾತು.

ಗ್ಲೈಡರನ್ನು ಬಿಚ್ಚಿ ಸಾಗಿಸಿ, ಮೈದಾನದಲ್ಲಿ ಮತ್ತೆ ಜೋಡಿಸುವುದು ವಾಡಿಕೆ. ಅಪಾಯ ಅಡಗಿರುವುದು ಆ ಜೋಡಣೆಯಲ್ಲಿ. ಬಾಲದಲ್ಲಿರುವ ಎಲಿವೇಟರ್ ಎಂಬ ಹಲಗೆಗೂ ಪೈಲಟ್ ಹಿಡಿಯುವ ಕೋಲಿಗೂ ಸಂಪರ್ಕ ತಪ್ಪಿದ್ದರೆ, ನೆಲದ ಮೇಲೆ ಕೋಲು ಸರಾಗವಾಗಿಯೇ ಆಡುತ್ತದೆ. ಮೇಲೇರಿದ ಮೇಲೆ ಮೂಗನ್ನು ಎತ್ತುವುದಾಗಲಿ ಇಳಿಸುವುದಾಗಲಿ ಪೈಲಟ್‌ನ ಕೈಯಲ್ಲಿರುವುದಿಲ್ಲ. ಆದುದರಿಂದ ನೋಡಿದರೆ ಸಾಲದು. ಒಬ್ಬರು ಹೊರಗೆ ನಿಂತು ಆ ಹಲಗೆಯನ್ನು ಕೈಯಲ್ಲಿ ಬಿಗಿಹಿಡಿಯಬೇಕು, ಒಳಗಿನವರು ಕೋಲನ್ನು ಒತ್ತಬೇಕು. ಕೋಲು ತಡೆದರೆ ಜೋಡಣೆ ಸರಿಯಾಗಿದೆ. ಸಲೀಸಾಗಿ ಸರಿದರೆ ಆ ದಿನ ಹಾರಾಟವಿಲ್ಲ. ಒಂದು ನಿಮಿಷದ ಕೆಲಸ!

ಪೈಲಟ್‌ನ ತೂಕವನ್ನೂ ನೋಡಬೇಕು. ಪ್ರತಿ ಗ್ಲೈಡರಿಗೂ ಆಸನದಲ್ಲಿ ಇರಲೇಬೇಕಾದ ಕನಿಷ್ಠ ಭಾರ ನಿಗದಿಯಾಗಿರುತ್ತದೆ. ನಮ್ಮ ಸೀಮೆಯ ಸಣಕಲು ಹುಡುಗ ಹುಡುಗಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ಭಾರ ಕಡಿಮೆಯಾದರೆ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ವಿಮಾನ ಹತೋಟಿ ತಪ್ಪಬಹುದು. ಆಗ ಸೀಸದ ಗಟ್ಟಿಗಳನ್ನು ಭದ್ರವಾಗಿ ಬಿಗಿದು ಸರಿದೂಗಿಸುತ್ತಾರೆ. ಮೇಲಿನ ಗಾಜಿನ ಮುಚ್ಚಳ, ಸೊಂಟದ ಪಟ್ಟಿ, ಏರ್‌ಬ್ರೇಕಿನ ಚಿಲಕ ಇವೂ ತಪಾಸಣೆಯಲ್ಲಿ ಸೇರಿವೆ. ಅರ್ಧದಾರಿಯಲ್ಲಿ ಹಗ್ಗ ತುಂಡಾದರೆ ಎಲ್ಲಿ ಇಳಿಯುವುದೆಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸಿಕೊಳ್ಳಬೇಕು.

ಅನುಭವಿಗಳಿಗೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೋದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಏರಿದ ಕೂಡಲೇ ಉರುಳಿತು. ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ಬಿಡಿಸಿರಲಿಲ್ಲ, ಅಷ್ಟೇ. ನಡೆಸುತ್ತಿದ್ದವರು ನುರಿತ ಪೈಲಟ್‌ಗಳು. ಇಬ್ಬರು ಪ್ರಾಣ ತೆತ್ತರು. ಬರೆದಿಟ್ಟ ತಪಾಸಣಾ ಪಟ್ಟಿಯ ಪದ್ಧತಿ ಬೇರೂರಿದ್ದು ಅಲ್ಲಿಂದ. ಪಟ್ಟಿ ಓದುವಾಗ ನಡುವೆ ಯಾರಾದರೂ ಮಾತಾಡಿಸಿದರೆ, ಬಿಟ್ಟಲ್ಲಿಂದ ಮುಂದುವರಿಸದೆ ಮೊದಲಿನಿಂದ ಆರಂಭಿಸುವುದೇ ಲೇಸು.

ಈ ಮೈದಾನದ ಒಂದು ನಿಯಮ ನನಗೆ ಬಹಳ ಮೆಚ್ಚುಗೆಯದು. ಹಗ್ಗ ಬಿಗಿಯುತ್ತಿರುವಾಗ ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ "ನಿಲ್ಲಿಸಿ" ಎಂದು ಕೂಗಬಹುದು. ರೆಕ್ಕೆಯ ತುದಿ ಹಿಡಿದು ನಿಂತ ನಿನ್ನೆ ಸೇರಿದ ಹುಡುಗಿ ಕೂಗಿದರೂ ಹಿರಿಯ ಬೋಧಕರು ಹಗ್ಗ ಬಿಡಿಸಲೇಬೇಕು. ಆಕೆ ಕಂಡದ್ದು ತಪ್ಪಲ್ಲವೆಂದು ಆಮೇಲೆ ತಿಳಿದರೂ ಆಕೆಯನ್ನು ಯಾರೂ ಗದರಿಸುವಂತಿಲ್ಲ.