ಲೆಕ್ಕ ಮುಗಿದ ಮೇಲೆ: ಪ್ರೌಢಶಾಲೆಯ ಸಂಖ್ಯಾಶಾಸ್ತ್ರ ಮತ್ತು ದತ್ತಾಂಶದ ಓದು

ಪ್ರೌಢಶಾಲೆಯ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಪಾಠಕ್ಕೆ ಸುಲಭದ ಪಾಠವೆಂಬ ಹೆಸರಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗೆ ಸೂತ್ರಗಳು ಬಾಯಿಪಾಠವಾಗಿದ್ದರೆ, ಸರಾಸರಿ, ಮಧ್ಯಾಂಕ, ಬಹುಲಕ ಇವುಗಳಲ್ಲಿ ಯಾವುದನ್ನು ಕೇಳಿದರೂ ಅಂಕ ಖಚಿತ. ಆದರೆ ಸೂತ್ರಕ್ಕೆ ಅಂಕಿ ತುಂಬಿ ಉತ್ತರ ತೆಗೆಯುವುದಷ್ಟೇ ಈ ಪಾಠದ ಗುರಿಯಾಗಿದ್ದರೆ ಆ ಕೆಲಸವನ್ನು ಕ್ಯಾಲ್ಕುಲೇಟರ್‌ಗೆ ಒಪ್ಪಿಸಿಬಿಡಬಹುದಿತ್ತು. ಕರೆಂಟ್ ಬಿಲ್ಲು, ಮಳೆಯ ವರದಿ, ಜನಗಣತಿ, ಚುನಾವಣಾ ಫಲಿತಾಂಶ ಎಂದು ದಿನವೂ ಮನೆಬಾಗಿಲಿಗೆ ಬರುವ ಅಂಕಿಗಳು ಏನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂದು ವಿವೇಚಿಸುವ ಶಕ್ತಿ ಮಕ್ಕಳಲ್ಲಿ ಬೆಳೆಯಬೇಕು. ಅದಕ್ಕೆ ಬೇಕಾದ ಸಾಮಗ್ರಿ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಸುತ್ತಮುತ್ತಲೇ ಧಾರಾಳವಾಗಿದೆ.

ಮೊದಲ ಹೆಜ್ಜೆ ದತ್ತಾಂಶದ ಸಂಗ್ರಹ. ದಕ್ಷಿಣ ಬೆಂಗಳೂರಿನ ಜನ ಯಾವ ವಾಹನದಲ್ಲಿ ಓಡಾಡುತ್ತಾರೆ ಎಂಬ ಪ್ರಶ್ನೆಯನ್ನು ಶಾಲೆಯ ಯೋಜನಾಕಾರ್ಯಕ್ಕೆ ಆರಿಸಿಕೊಳ್ಳಬಹುದು. ಹಸಿರು ಮತ್ತು ಹಳದಿ ಮಾರ್ಗಗಳು ಕೂಡುವ ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ನಿಂತು 50 ಮಂದಿಯನ್ನು ಕೇಳಿದರೆ, ಬಹುಪಾಲು ಜನರ ಉತ್ತರ ಮೆಟ್ರೊ ಎಂದೇ ಬರುತ್ತದೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಕೇಳಿದರೆ ಬಸ್ಸು ಮುಂದಾಗುತ್ತದೆ. ಎರಡು ಕಡೆಯೂ ಎಣಿಕೆ ಸರಿಯಾಗಿಯೇ ಇದೆ. ತಪ್ಪಿರುವುದು ಮಾದರಿಯ ಆಯ್ಕೆಯಲ್ಲಿ. ಯಾರನ್ನು ಕೇಳಲಾಯಿತು, ಯಾರು ಬಿಟ್ಟುಹೋದರು ಎಂಬುದು ಗೊತ್ತಾಗದೆ ಶೇಕಡಾವಾರು ಲೆಕ್ಕಕ್ಕೆ ಅರ್ಥ ಬರುವುದಿಲ್ಲ. ಮನೆಯಲ್ಲೇ ಇರುವ ವೃದ್ಧರು, ನಡೆದೇ ಶಾಲೆಗೆ ಹೋಗುವ ಮಕ್ಕಳು ಈ ಎರಡೂ ಎಣಿಕೆಗಳಿಂದ ಹೊರಗೇ ಉಳಿಯುತ್ತಾರೆ.

ಮಾದರಿ ಸಮೀಕ್ಷೆಯನ್ನು ಭಾರತದಲ್ಲಿ ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಪಿ.ಸಿ. ಮಹಾಲನೋಬಿಸ್ ಮೊದಲಿಗರು. ಅವರ ಹುಟ್ಟುಹಬ್ಬವಾದ ಜೂನ್ 29 ರಾಷ್ಟ್ರೀಯ ಸಾಂಖ್ಯಿಕ ದಿನ. ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಆ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಮಾದರಿಯಿಂದ ಕಟ್ಟುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೂ ಒಂದು ಮಿತಿ ಇದೆ ಎಂದು ಅವರು 1945ರ ಲೇಖನದಲ್ಲಿ ತೋರಿಸಿದರು. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು.

ಸಂಗ್ರಹಿಸಿದ್ದನ್ನು ಆವೃತ್ತಿ ವಿತರಣಾ ಪಟ್ಟಿಯಾಗಿ ಜೋಡಿಸುವುದು ಎರಡನೆಯ ಹೆಜ್ಜೆ. ಹತ್ತನೆಯ ತರಗತಿಯ ಪಠ್ಯದಲ್ಲಿ ಇದಕ್ಕೆ ಒಳ್ಳೆಯ ಲೆಕ್ಕವೊಂದಿದೆ. ಒಂದು ಪ್ರದೇಶದ 68 ಗ್ರಾಹಕರು ತಿಂಗಳಿಗೆ ಬಳಸುವ ವಿದ್ಯುತ್ತನ್ನು ಅಲ್ಲಿ 20 ಯೂನಿಟ್ ಅಗಲದ 7 ವರ್ಗಾಂತರಗಳಲ್ಲಿ ಕೊಡಲಾಗಿದೆ. 65ರಿಂದ 85 ಯೂನಿಟ್ ಬಳಸುವವರು 4 ಮಂದಿ. ಅಲ್ಲಿಂದ ಮುಂದಕ್ಕೆ ಕ್ರಮವಾಗಿ 5, 13, 20, 14, 8 ಮಂದಿ. ಕೊನೆಯದಾಗಿ 185ರಿಂದ 205 ಯೂನಿಟ್ ಬಳಸುವವರು 4 ಮಂದಿ. ಹೀಗೆ ಜೋಡಿಸಿದೊಡನೆ 68 ಬಿಡಿ ಅಂಕಿಗಳ ಗೊಂದಲ ಹೋಗಿ ಒಂದು ಆಕಾರ ಕಾಣುತ್ತದೆ: ನಡುವೆ ಜನ ಹೆಚ್ಚು, ಎರಡೂ ತುದಿಗಳಲ್ಲಿ ಕಡಿಮೆ. ಆದರೆ ಈ ಅನುಕೂಲಕ್ಕೆ ಬೆಲೆಯೂ ಇದೆ. ಪ್ರತಿ ಮನೆಯ ನಿಜವಾದ ಬಳಕೆ ಎಷ್ಟು ಎಂಬುದು ಪಟ್ಟಿಯಿಂದ ಅಳಿಸಿಹೋಗಿದೆ.

ಅಳಿಸಿಹೋದ ಮಾಹಿತಿಯನ್ನು ಸೂತ್ರಗಳು ಊಹೆಯಿಂದ ತುಂಬಿಕೊಳ್ಳುತ್ತವೆ. ಸರಾಸರಿ ಕಂಡುಹಿಡಿಯುವಾಗ ಒಂದು ವರ್ಗಾಂತರದವರೆಲ್ಲರೂ ಅದರ ಮಧ್ಯಬಿಂದುವಿನಷ್ಟೇ ಬಳಸುತ್ತಾರೆ ಎಂದು ಇಟ್ಟುಕೊಳ್ಳಲಾಗುತ್ತದೆ. 125ರಿಂದ 145ರ ವರ್ಗದ 20 ಮಂದಿಗೂ 135 ಯೂನಿಟ್ ಎಂದೇ ಲೆಕ್ಕ. ಮಧ್ಯಾಂಕದ ಸೂತ್ರದಲ್ಲಿ ಊಹೆ ಬೇರೆ: ಆ 20 ಮಂದಿ 125ರಿಂದ 145ರವರೆಗೆ ಸಮನಾಗಿ ಹಂಚಿಕೊಂಡಿದ್ದಾರೆ ಎಂದು. 68ರ ಅರ್ಧ 34. 125ರ ಒಳಗೆ 22 ಮಂದಿ ಮುಗಿದಿರುವುದರಿಂದ ಇನ್ನೂ 12 ಮಂದಿಯನ್ನು ದಾಟಬೇಕು. 20 ಮಂದಿ ಹರಡಿರುವ 20 ಯೂನಿಟ್‌ನಲ್ಲಿ 12 ಮಂದಿಗೆ 12 ಯೂನಿಟ್. ಹಾಗಾಗಿ ಮಧ್ಯಾಂಕ 137. ಹೀಗೆ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ ಸೂತ್ರ ಮರೆತರೂ ಉತ್ತರ ಕೈಬಿಡುವುದಿಲ್ಲ.

ಇದೇ ಪಟ್ಟಿಯ ಸರಾಸರಿ 137.06, ಬಹುಲಕ ಸುಮಾರು 135.77. ಮೂರು ಅಳತೆಗಳೂ ಒಂದೆಡೆಗೇ ಬಂದು ನಿಂತಿವೆ. ಆವೃತ್ತಿಗಳು ನಡುವಿನಿಂದ ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಇಳಿದಿವೆ ಎಂಬುದಕ್ಕೆ ಇದು ಗುರುತು. ಇಂಥ ಕಡೆ ಯಾವ ಅಳತೆಯನ್ನು ಹೇಳಿದರೂ ಕೇಳುಗರಿಗೆ ಸರಿಯಾದ ಚಿತ್ರವೇ ಸಿಗುತ್ತದೆ.

ಎಲ್ಲ ದತ್ತಾಂಶವೂ ಹೀಗಿರುವುದಿಲ್ಲ. ಬಿ.ಟಿ.ಎಂ. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ 7 ಬಾಡಿಗೆ ಮನೆಗಳಿವೆ ಎಂದು ಊಹಿಸಬಹುದು. ತಿಂಗಳ ಬಾಡಿಗೆ ಸಾವಿರ ರೂಪಾಯಿಗಳಲ್ಲಿ 12, 14, 15, 15, 16, 18 ಮತ್ತು 85. ಒಟ್ಟು 175, ಸರಾಸರಿ 25 ಸಾವಿರ. ಆದರೆ ಆ ರಸ್ತೆಯಲ್ಲಿ 25 ಸಾವಿರದ ಮನೆ ಒಂದೂ ಇಲ್ಲ. 6 ಮನೆಗಳು 18 ಸಾವಿರ ದಾಟಿಲ್ಲ. ಮಧ್ಯಾಂಕ 15, ಬಹುಲಕವೂ 15. ಕೊನೆಯ ದೊಡ್ಡ ಮನೆಯೊಂದನ್ನು ಬಿಟ್ಟರೆ ಸರಾಸರಿಯೂ 15ಕ್ಕೆ ಇಳಿಯುತ್ತದೆ. ಒಂದೇ ಒಂದು ವಿಪರೀತ ಬೆಲೆ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಮಧ್ಯಾಂಕ ಅಲುಗುವುದಿಲ್ಲ. ಮನೆ ಹುಡುಕುವವರಿಗೆ ಉಪಯೋಗಕ್ಕೆ ಬರುವುದು ಮಧ್ಯಾಂಕ. ರಸ್ತೆಯ ಒಟ್ಟು ಬಾಡಿಗೆ ವರಮಾನ ಲೆಕ್ಕ ಹಾಕುವವರಿಗೆ ಸರಾಸರಿಯೇ ಬೇಕು, ಏಕೆಂದರೆ ಅದನ್ನು ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ಮರಳಿ ಸಿಗುತ್ತದೆ. ಯಾವ ಅಳತೆ ಸೂಕ್ತ ಎಂಬುದನ್ನು ಪ್ರಶ್ನೆಯೇ ನಿರ್ಧರಿಸುತ್ತದೆ.

ಕುಟುಂಬದ ಖರ್ಚನ್ನು ಸರಾಸರಿಯೇ ತೀರ್ಮಾನಿಸುವ ಉದಾಹರಣೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಯ 2022–23ನೇ ಸಾಲಿನ ತಿಂಗಳ ಸರಾಸರಿ ಬಳಕೆಯನ್ನು ಕಂಡುಹಿಡಿದು, ಅದಕ್ಕೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಮಿತಿಯನ್ನು ಗೊತ್ತುಮಾಡಲಾಯಿತು. ವರ್ಷಕ್ಕೆ 1,200 ಯೂನಿಟ್ ಬಳಸಿದ್ದ ಮನೆಯ ಸರಾಸರಿ 100, ಉಚಿತ ಮಿತಿ 110. ಬೇಸಗೆಯಲ್ಲಿ ಫ್ಯಾನು, ಕೂಲರ್ ಹೆಚ್ಚು ಓಡಿ 130 ಯೂನಿಟ್ ಬಂದರೆ ಹೆಚ್ಚುವರಿ 20 ಯೂನಿಟ್‌ಗೆ ಹಣ ಕಟ್ಟಬೇಕು. ಚಳಿಗಾಲದಲ್ಲಿ 80ಕ್ಕೆ ಇಳಿದರೂ ಉಳಿದದ್ದು ಮುಂದಿನ ತಿಂಗಳಿಗೆ ಬರುವುದಿಲ್ಲ. ಸರಾಸರಿ ಒಂದೇ ಆಗಿದ್ದರೂ, ತಿಂಗಳಿಂದ ತಿಂಗಳಿಗೆ ಏರಿಳಿತ ಹೆಚ್ಚಿರುವ ಮನೆಗೂ ಕಡಿಮೆಯಿರುವ ಮನೆಗೂ ಬಿಲ್ಲು ಬೇರೆಬೇರೆಯಾಗುತ್ತದೆ.

ಶೇಕಡಾವಾರಿನ ಗುಣವೂ ಇಲ್ಲಿ ಬಯಲಾಗುತ್ತದೆ. ಸರಾಸರಿ 150 ಯೂನಿಟ್ ಇರುವ ಮನೆಗೆ ಶೇ. 10 ಎಂದರೆ 15 ಯೂನಿಟ್. 30 ಯೂನಿಟ್ ಇರುವ ಬಡವರ ಮನೆಗೆ ಬರೀ 3. ಪ್ರಮಾಣ ಒಂದೇ, ಕೈಗೆ ಬರುವುದು ಬೇರೆ. 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ, 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಕೊಡಲು ತೀರ್ಮಾನಿಸಿತು. ಪಾಠದ ಭಾಷೆಯಲ್ಲಿ ಹೇಳುವುದಾದರೆ, ಗುಣಿಸುವುದರ ಬದಲು ಕೂಡಿಸಲಾಯಿತು.

ಈ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಪಠ್ಯದ 68 ಗ್ರಾಹಕರಲ್ಲಿ ಎಷ್ಟು ಮಂದಿ ಹಾಗೆ ದಾಟಿದ್ದಾರೆ ಎಂದು ಕೇಳಿದರೆ ಪಟ್ಟಿ ಉತ್ತರ ಕೊಡುವುದಿಲ್ಲ. ಕೊನೆಯ ವರ್ಗಾಂತರ 185ರಿಂದ 205. ಆ ನಾಲ್ವರಲ್ಲಿ ಒಬ್ಬರೂ ದಾಟದಿರಬಹುದು, ನಾಲ್ವರೂ ದಾಟಿರಬಹುದು. ಕೇಳಬೇಕಾದ ಪ್ರಶ್ನೆ ಮೊದಲೇ ತಿಳಿದಿದ್ದರೆ 200 ಒಂದು ವರ್ಗದ ಅಂಚಿಗೆ ಬರುವಂತೆ ಪಟ್ಟಿ ಮಾಡಬಹುದಿತ್ತು. ವರ್ಗಾಂತರಗಳ ಆಯ್ಕೆಯೂ ವ್ಯಾಖ್ಯಾನದ ಭಾಗವೇ.

ಏರಿಳಿತದ ಮಾತು ಮಳೆಯಲ್ಲಿ ಇನ್ನೂ ಸ್ಪಷ್ಟ. ಬೆಂಗಳೂರಿನಲ್ಲಿ ಜೂನ್ ತಿಂಗಳಿಡೀ ಸುರಿಯುವ ಮಳೆಯ ಸರಾಸರಿ ಸುಮಾರು 110 ಮಿಲಿಮೀಟರ್. 2024ರ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಬಿತ್ತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದುಬಂದಿದ್ದ 101.6 ಮಿಲಿಮೀಟರ್‌ನ ದಾಖಲೆ ಅಂದು ಮುರಿಯಿತು. 30 ದಿನಗಳಲ್ಲಿ ಹಂಚಿಹೋದ 110 ಮಿಲಿಮೀಟರ್ ಗಿಡಮರಗಳಿಗೆ ಹಿತ. ಅದೇ ಪ್ರಮಾಣ ಒಂದು ಸಂಜೆ ಬಂದರೆ ರಸ್ತೆ ಕಾಲುವೆಯಾಗುತ್ತದೆ. ರಾಜಕಾಲುವೆಯ ಅಗಲ ನಿಗದಿ ಮಾಡುವ ಎಂಜಿನಿಯರ್‌ಗೆ ತಿಂಗಳ ಸರಾಸರಿ ಸಾಲದು, ಗರಿಷ್ಠ ಬೆಲೆ ಬೇಕು. ಶಾಲೆಯಲ್ಲಿ ವ್ಯಾಪ್ತಿಯನ್ನು, ಎಂದರೆ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ವ್ಯತ್ಯಾಸವನ್ನು, ಕಲಿಸುವುದು ಇದಕ್ಕೇ.

ಒಂದೇ ಅಂಕಿಯಾಗಿ ಬರುವುದೆಲ್ಲ ಸರಾಸರಿ ಎಂದು ಭಾವಿಸುವುದೂ ತಪ್ಪು. ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್, ಜಯನಗರ 5ನೇ ಬ್ಲಾಕ್‌ಗಳಲ್ಲಿ ವಾಯು ಗುಣಮಟ್ಟ ಅಳೆಯುವ ಕೇಂದ್ರಗಳಿವೆ. ಅಲ್ಲಿ ಅಳೆದ ಒಂದೊಂದು ಮಾಲಿನ್ಯಕಾರಕಕ್ಕೂ ಉಪಸೂಚ್ಯಂಕ ಕಟ್ಟಿ, ಅವುಗಳಲ್ಲಿ ಅತಿ ಹೆಚ್ಚಿನದನ್ನೇ ಆ ಸ್ಥಳದ ವಾಯು ಗುಣಮಟ್ಟ ಸೂಚ್ಯಂಕವೆಂದು ಪ್ರಕಟಿಸಲಾಗುತ್ತದೆ. ಸರಾಸರಿ ತೆಗೆದರೆ ಶುದ್ಧವಾಗಿರುವ ಅಂಶಗಳ ಹಿಂದೆ ಅಪಾಯದ ಅಂಶ ಅಡಗಿಕೊಳ್ಳುತ್ತದೆ. ಆರೋಗ್ಯದ ದೃಷ್ಟಿಯಿಂದ ಗರಿಷ್ಠವೇ ಸರಿಯಾದ ಆಯ್ಕೆ.

ಅಂಕಿಯನ್ನು ಹತ್ತಿರದ ಬೆಲೆಗೆ ಸರಿಹೊಂದಿಸುವಾಗಲೂ ಎಚ್ಚರ ಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರ ಕ್ಷೇತ್ರದ ಮೊದಲಿಬ್ಬರಿಗೆ ಬಂದ ಮತಗಳು 57,797 ಮತ್ತು 57,781, ಅಂತರ 16. ಇಬ್ಬರ ಮತಗಳ ಮೊತ್ತದಲ್ಲಿ ಪಾಲು ತೆಗೆದು ಒಂದು ದಶಮಾಂಶ ಸ್ಥಾನಕ್ಕೆ ಬರೆದರೆ ಇಬ್ಬರದೂ ಶೇ. 50.0. ಪೈ ನಕ್ಷೆಯಲ್ಲಿ ಎರಡು ಅರ್ಧಗಳಿಗೂ ವ್ಯತ್ಯಾಸವೇ ಕಾಣದು. ಕ್ಷೇತ್ರದ ಒಲವನ್ನು ವಿವರಿಸಲು ಆ ನಕ್ಷೆ ಸಾಕು, ಗೆದ್ದವರು ಯಾರೆಂದು ಹೇಳಲು ಒಂದೊಂದು ಮತವೂ ಬೇಕು.

ನಕ್ಷೆಗಳ ಓದಿನಲ್ಲಿ ಮೊದಲು ನೋಡಬೇಕಾದದ್ದು ಅಕ್ಷ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124 ಇದ್ದದ್ದು 2011ರಲ್ಲಿ 96,21,551ಕ್ಕೆ ಏರಿತು. ಹೆಚ್ಚಳ ಸುಮಾರು ಶೇ. 47, ಎಂದರೆ ಎರಡನೆಯ ಸ್ತಂಭ ಮೊದಲನೆಯದರ ಒಂದೂವರೆ ಪಟ್ಟಿಗೆ ಹತ್ತಿರ ಇರಬೇಕು. ಲಂಬ ಅಕ್ಷವನ್ನು ಸೊನ್ನೆಯ ಬದಲು 60 ಲಕ್ಷದಿಂದ ಶುರುಮಾಡಿದರೆ ಅದೇ ಸ್ತಂಭ ಏಳು ಪಟ್ಟಿನ ಹತ್ತಿರ ಎತ್ತರ ಕಾಣುತ್ತದೆ. ಅಂಕಿಗಳಲ್ಲಿ ಒಂದು ಅಕ್ಷರದ ತಪ್ಪೂ ಇಲ್ಲ, ಆದರೂ ಚಿತ್ರ ದಾರಿ ತಪ್ಪಿಸುತ್ತದೆ.

ಇನ್ನು ಅಭ್ಯಾಸದ ಕ್ರಮ. ಪಟ್ಟಿ ಬರೆದೊಡನೆ ಆವೃತ್ತಿಗಳ ಮೊತ್ತ ಪ್ರಶ್ನೆಯಲ್ಲಿರುವ ಒಟ್ಟು ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಸಂಚಿತ ಆವೃತ್ತಿಯ ಕೊನೆಯ ಸಾಲೂ ಅದೇ ಸಂಖ್ಯೆಯಾಗಿರಬೇಕು. ಮಧ್ಯಾಂಕದ ಸೂತ್ರದಲ್ಲಿ ಬಳಸಬೇಕಾದದ್ದು ಹಿಂದಿನ ವರ್ಗದ ಸಂಚಿತ ಆವೃತ್ತಿ. ಮಧ್ಯಾಂಕವಿರುವ ವರ್ಗದ್ದನ್ನೇ ಹಾಕಿಬಿಡುವುದು ಸಾಮಾನ್ಯ ತಪ್ಪು. 118ರಿಂದ 126, 127ರಿಂದ 135 ಎಂದು ನಡುವೆ ಸಂದು ಬಿಟ್ಟ ವರ್ಗಗಳಿದ್ದರೆ, ಅವನ್ನು 117.5ರಿಂದ 126.5 ಎಂಬಂತೆ ಕೂಡಿಸಿಕೊಳ್ಳಬೇಕು. ಪಠ್ಯದಲ್ಲಿ ಎಲೆಗಳ ಉದ್ದದ ಲೆಕ್ಕ ಹೀಗಿದೆ, 126.3 ಮಿಲಿಮೀಟರ್‌ನ ಎಲೆಗೂ ಒಂದು ಜಾಗ ಬೇಕಲ್ಲ. ಬಂದ ಉತ್ತರ ಕನಿಷ್ಠ ಬೆಲೆಗಿಂತ ಕಡಿಮೆಯೋ ಗರಿಷ್ಠ ಬೆಲೆಗಿಂತ ಹೆಚ್ಚೋ ಆದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಉತ್ತರ ಸಿಕ್ಕ ಮೇಲೆ ಅದನ್ನು ಒಂದು ಪೂರ್ಣ ವಾಕ್ಯವಾಗಿ ಬರೆಯುವ ರೂಢಿ ಬೆಳೆಸಿಕೊಳ್ಳುವುದು ಒಳ್ಳೆಯದು. ಬರೀ 137 ಎಂದು ನಿಲ್ಲಿಸದೆ, ಈ 68 ಗ್ರಾಹಕರಲ್ಲಿ ಅರ್ಧದಷ್ಟು ಮಂದಿ ತಿಂಗಳಿಗೆ ಸುಮಾರು 137 ಯೂನಿಟ್‌ಗಿಂತ ಕಡಿಮೆ ಬಳಸುತ್ತಾರೆ ಎಂದು ಬರೆದಾಗ, ಯಾರ ವಿಷಯ, ಯಾವ ಮಾನ, ಎಷ್ಟು ಕಾಲಾವಧಿ, ಎಷ್ಟರಮಟ್ಟಿನ ಅಂದಾಜು ಎಲ್ಲವೂ ಒಂದೇ ಮಾತಿನಲ್ಲಿ ಬರುತ್ತವೆ. ಮನೆಯ ಹನ್ನೆರಡು ತಿಂಗಳ ಕರೆಂಟ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಸರಾಸರಿ, ಮಧ್ಯಾಂಕ, ವ್ಯಾಪ್ತಿ ತೆಗೆದು ಇಂಥ ಮೂರು ವಾಕ್ಯ ಬರೆಯಬಲ್ಲ ವಿದ್ಯಾರ್ಥಿಗೆ ಈ ಪಾಠ ಪೂರ್ತಿ ದಕ್ಕಿದೆ ಎನ್ನಬಹುದು.