ಕೆಂಪು ಗೆರೆ ಕಾಣದ ತಪ್ಪು

ಕೋಲಾರ ಜಿಲ್ಲೆಯ ತಾಯಲೂರಿನ ರೈತರೊಬ್ಬರು ಮುಳಬಾಗಿಲಿನ ಕಚೇರಿಗೆ ಇಮೇಲ್ ಬರೆಯುತ್ತಾರೆ ಎಂದುಕೊಳ್ಳೋಣ. ‘ಟೊಮೆಟೊ ಬೆಲೆ ಹೋಯಿತು’ ಎನ್ನಬೇಕಾದಲ್ಲಿ ‘ಬೆಳೆ ಹೋಯಿತು’ ಎಂದು ಒತ್ತಿದರೆ ಕಾಗುಣಿತ ತಿದ್ದುವ ತಂತ್ರಾಂಶ ಸುಮ್ಮನಿರುತ್ತದೆ. ಎರಡೂ ಸರಿಯಾದ ಪದಗಳೇ. ಆದರೆ ಒಂದು ಮಂಡಿಯ ಸಂಕಟ, ಇನ್ನೊಂದು ಹೊಲದ ಸಂಕಟ. ಅದೇ ಪತ್ರದಲ್ಲಿ ಸರಿಯಾಗಿಯೇ ಬರೆದ ‘ತಾಯಲೂರು’ ಪದದಡಿ ಕೆಂಪು ಗೆರೆ ಮೂಡಬಹುದು, ಊರಿನ ಹೆಸರು ಅದರ ಪದಪಟ್ಟಿಯಲ್ಲಿ ಇಲ್ಲದಿದ್ದರೆ. ಈ ತಂತ್ರಾಂಶದ ಮುಖ್ಯ ಕೆಲಸ ಪಟ್ಟಿಯೊಡನೆ ಹೋಲಿಸುವುದು. ಕನ್ನಡಕ್ಕೆ ಪಟ್ಟಿಯೊಂದೇ ಸಾಲದು. 1894ರ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅವುಗಳಲ್ಲಿ ‘ಊರು’ ಒಂದರಿಂದಲೇ ಊರಿಗೆ, ಊರಿನಿಂದಲೂ, ಊರಿನವರಿಗಾದರೂ ಎಂದು ರೂಪಗಳು ಬೆಳೆಯುತ್ತಲೇ ಹೋಗುತ್ತವೆ.

ಹಾಗಾದರೆ ಈ ತಂತ್ರಾಂಶ ಬೇಡವೇ? ಖಂಡಿತ ಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ಕೋಲಾರದಲ್ಲಿ ಬಹಳ ಮಂದಿ. ಒತ್ತಕ್ಷರ, ದೀರ್ಘದ ಅಳುಕಿಲ್ಲದೆ ಅವರು ಬರೆಯುವಂತಾದರೆ ಅದು ದೊಡ್ಡ ಉಪಕಾರ. ‘ಅರ್ಥವಾದರೆ ಸಾಕಲ್ಲವೇ’ ಎನ್ನುವವರೂ ಇದ್ದಾರೆ. ಎದುರು ಕೂತು ಮಾತಾಡುವಾಗ ಅದು ಸರಿ, ಕೇಳುವವರು ಮತ್ತೆ ವಿಚಾರಿಸುತ್ತಾರೆ. ಅರ್ಜಿ ಓದುವ ಗುಮಾಸ್ತರಿಗೆ ಮುಂದಿರುವುದು ಅಕ್ಷರ ಮಾತ್ರ. ಸರ್ವೆ ನಂಬರು, ಹಣದ ಮೊತ್ತ, ತಾರೀಖು ತಪ್ಪಿದರಂತೂ ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ನಷ್ಟ ಹೆಚ್ಚಾಗುವುದು ಅಲ್ಲಿಯೇ. ಗೆರೆ ಎಳೆದಲ್ಲಿ ನೋಡಿ, ತಿದ್ದಿ. ಆಮೇಲೆ ಕಳಿಸುವ ಮುನ್ನ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ, ಸಾಧ್ಯವಾದರೆ ಮನೆಯವರೊಬ್ಬರಿಗೂ ಓದಿಸಿ.